ಗೇಟ್ ಪಾಸ್ ಇಲ್ಲದ ಕಷಾಯ

ಕೊಲ್ಲಿ ನಾಡಿನ ಶುಐಬಾದ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಲೋಕನಾಥ ಇಪ್ಪತ್ತಾರು ವರ್ಷಗಳಿಂದ ಕೆಲಸ ಮಾಡುತ್ತಿದ್ದರು. ಗೇಟ್ ಪಾಸ್ ಇಲ್ಲದೆ ಒಂದು ಮೊಳೆಯೂ ಅವರ ಬಾಗಿಲನ್ನು ದಾಟಿದ್ದಿಲ್ಲ. ಒಳಕ್ಕೂ ಇಲ್ಲ, ಹೊರಕ್ಕೂ ಇಲ್ಲ. ಒಮ್ಮೆ ಮ್ಯಾನೇಜರನೇ ಪಾಸ್ ಇಲ್ಲದೆ ಬರಿಗೈಯಲ್ಲಿ ಬಂದು ಬರಿಗೈಯಲ್ಲೇ ಹಿಂದಿರುಗಿದ್ದನೆಂದು ಜೊತೆಯವರು ಇಂದಿಗೂ ಹೇಳಿ ನಗುತ್ತಾರೆ.

ಅಂಥವರ ಎಡ ಶ್ವಾಸಕೋಶದಲ್ಲಿ ಹೇಳದೆ ಕೇಳದೆ ಒಂದು ಗಡ್ಡೆ ಬಂದು ಕುಳಿತಿತು. ಕ್ಯಾನ್ಸರ್ ಎಂದರು ಡಾಕ್ಟರು. ದಿನಕ್ಕೊಂದು ಮಾತ್ರೆ ಬರೆದುಕೊಟ್ಟು, ರೋಗ ಎಲುಬಿಗೂ ಮಿದುಳಿಗೂ ಹರಡದಂತೆ ತಡೆಯಬೇಕಾದದ್ದು ಈ ಮಾತ್ರೆಯೇ ಎಂದು ತಿಳಿಸಿದರು.

ಅದೇ ತಿಂಗಳು ಲಿಯು ರಜೆಯಿಂದ ಮರಳಿದ. ಆತ ಕಾರ್ಖಾನೆಯ ಚೀನೀ ಮೇಸ್ತ್ರಿ. ಲೋಕನಾಥರೊಂದಿಗೆ ಅವನದು ಹದಿನಾಲ್ಕು ವರ್ಷದ ಸ್ನೇಹ, ಅರ್ಧ ಅರಬ್ಬಿಯಲ್ಲಿ, ಅರ್ಧ ಕೈಸನ್ನೆಯಲ್ಲಿ. ತನ್ನೂರಿನ ವೈದ್ಯರಿಂದ ಕಟ್ಟಿಸಿಕೊಂಡು ಬಂದ ಬೇರು, ತೊಗಟೆಗಳ ಪೊಟ್ಟಣಗಳನ್ನು ಅವರ ಮನೆಯ ಮೇಜಿನ ಮೇಲಿಟ್ಟ. ಮಣ್ಣಿನ ಪಾತ್ರೆಯಲ್ಲೇ ಕುದಿಸಬೇಕು, ಕಬ್ಬಿಣ ತಾಗಬಾರದು. ಕುಡಿದರೆ ರೋಗ ಇದ್ದಲ್ಲಿಂದ ಕದಲುವುದಿಲ್ಲ ಎಂದು ಎದೆ ಮುಟ್ಟಿ ತೋರಿಸಿದ.

ಕಬ್ಬಿಣದ ಮಾತು ಕೇಳಿದ್ದೇ ಹೆಂಡತಿ ಕುಸುಮಾವತಿಯ ಕಣ್ಣರಳಿತು. ಕರಾವಳಿಯ ತಮ್ಮ ಊರಿನಲ್ಲಿ ಮಳೆಗಾಲದ ಆಟಿ ಅಮಾವಾಸ್ಯೆಯಂದು ಪಾಲೆಮರದ ತೊಗಟೆಯನ್ನು ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತಂದು, ಬರಿಹೊಟ್ಟೆಗೆ ಕುಡಿಯುವ ಕಷಾಯಕ್ಕೂ ಇದೇ ಕಟ್ಟುಪಾಡು. ಆಕೆ ಫರ್ವಾನಿಯಾದ ಪೇಟೆಯಿಂದ ಮಡಕೆ ತಂದಳು. ನಾಟಿಮದ್ದಿನ ಇನ್ನೊಂದು ಕಟ್ಟುಪಾಡನ್ನೂ ತಾನೇ ಸೇರಿಸಿದಳು.

"ಯಾರಿಗೂ ಹೇಳ್ಬೇಡಿ, ಆಯ್ತಾ? ಬಾಯಿಬಿಟ್ಟರೆ ಮದ್ದಿನ ಗುಣ ಹೋಗ್ತದೆ. ಡಾಕ್ಟರಿಗೂ ಬೇಡ."

ಮುಂಜಾನೆ ಆ ಕಹಿ ಕುಡಿದು ಕಿಟಕಿಯ ಬಳಿ ಕುಳಿತರೆ ಲೋಕನಾಥರಿಗೆ ಜೊಂಪು ಹತ್ತುತ್ತಿತ್ತು. ಹೊರಗೆ ಧೂಳು ಹೊಂಬಣ್ಣಕ್ಕೆ ತಿರುಗಿ, ಎದುರಿನ ಕಟ್ಟಡಗಳು ನೀರಿನಲ್ಲಿ ತೇಲುವಂತೆ ಕಾಣುತ್ತಿದ್ದವು. ಆ ಮಂಪರಿನಲ್ಲಿ ಅವರ ಎದೆಯೇ ಒಂದು ಉಗ್ರಾಣ. ಬಾಗಿಲಲ್ಲಿ ಬೇರುಗಳು ಮುದುಕರಂತೆ ಸ್ಟೂಲು ಹಾಕಿಕೊಂಡು ಕುಳಿತು, ಹೊರಡಲು ಬಂದ ರೋಗವನ್ನು ಪಾಸ್ ಎಲ್ಲಿ ಎಂದು ಕೇಳುತ್ತಿದ್ದವು. ರೋಗ ಜೇಬು ತಡಕಿಕೊಂಡು ಹಿಂದಿರುಗುತ್ತಿತ್ತು. ಲೋಕನಾಥ ನಿದ್ದೆಯಲ್ಲೇ ನಗುತ್ತಿದ್ದರು.

ಐದನೆಯ ವಾರದ ರಕ್ತಪರೀಕ್ಷೆಯಲ್ಲಿ ಲಿವರ್ ಕೆಟ್ಟಿರುವ ಸೂಚನೆ ಸಿಕ್ಕಿತು. ಇದು ಮಾತ್ರೆಯಿಂದಲೇ ಆದದ್ದಾದರೆ ಅದನ್ನು ನಿಲ್ಲಿಸಲೇಬೇಕು, ಅದಕ್ಕೆ ಸಮನಾದದ್ದು ಬೇರೊಂದಿಲ್ಲ ಎಂದು ಡಾಕ್ಟರು ಚಿಂತೆಯಿಂದ ಹೊರಹೋದರು. ನರ್ಸ್ ಇಸಾಬೆಲ್ ಪಕ್ಕದಲ್ಲಿ ಬಂದು ಕುಳಿತಳು. ಉಡುಪಿ ಕಡೆಯ ಕೊಂಕಣಿ ಹೆಂಗಸು.

"ಲೋಕನಾಥಣ್ಣ, ಈ ಮಾತ್ರೆ ಬಿಟ್ಟು ಬೇರೆ ಎಂತಾದರೂ ಒಳಗೆ ಹೋಗ್ತಾ ಉಂಟಾ?"

ಕುಸುಮಾವತಿ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. ಲೋಕನಾಥರಿಗೆ ಮುಂಜಾನೆಯ ಮಂಪರು ಇನ್ನೂ ಪೂರ್ತಿ ಹರಿದಿರಲಿಲ್ಲ. ಬಾಗಿಲಲ್ಲಿ ಕುಳಿತ ಮುದುಕರು ಕಣ್ಣಿಗೆ ಕಟ್ಟಿದರು. ಎಲ್ಲರ ಪಾಸ್ ಕೇಳುವ ಆ ಮುದುಕರ ಪಾಸನ್ನು ಯಾರು ನೋಡಿದ್ದರು?

"ಉಂಟು ಸಿಸ್ಟರ್. ಚೀನಾದ ಕಷಾಯ. ಪಾಸ್ ಇಲ್ಲದೆ ನಾನೇ ಒಳಗೆ ಬಿಟ್ಟದ್ದು."

"ಮದ್ದಿನ ಗುಣ ಹೋಯ್ತಲ್ಲ" ಎಂದಳು ಕುಸುಮಾವತಿ, ಪಿಸುದನಿಯಲ್ಲಿ.

"ಹೋಗಲಿ ಮಾರಾಯ್ತಿ. ನಾನು ಹೋಗುವುದಕ್ಕಿಂತ ಅದು ಹೋಗಲಿ."

ಇಸಾಬೆಲ್ ಬೈಯದೆ ಡಾಕ್ಟರನ್ನು ಕರೆತಂದಳು. ಯಾವ ಬೇರು ಏನು ಮಾಡಿತೋ ಈಗಲೇ ಹೇಳಲಾಗದು, ಮೊದಲು ಕಷಾಯ ನಿಲ್ಲಲಿ ಎಂದರು ಡಾಕ್ಟರು. ಲಿಯು ಸುದ್ದಿ ಕೇಳಿ ಉಳಿದ ಪೊಟ್ಟಣವೊಂದನ್ನು ಬಿಚ್ಚಿದ. ಆಮೇಲೆ ಪೊಟ್ಟಣದಲ್ಲಿದ್ದ ಒಂದೊಂದರ ಹೆಸರನ್ನೂ ಚೀನೀ ಅಕ್ಷರದಲ್ಲಿ ಬರೆದು, ಡಾಕ್ಟರಿಗೆ ಕೊಡು ಎಂದ. ಮೂರು ವಾರಗಳಲ್ಲಿ ಲಿವರ್ ಸುಧಾರಿಸಿತು. ಮಾತ್ರೆ ಉಳಿಯಿತು. ಎಷ್ಟು ಕಾಲ ತಡೆದೀತೆಂದು ಯಾರೂ ಮಾತು ಕೊಡಲಿಲ್ಲ.

ಕುಸುಮಾವತಿ ಈಗಲೂ ಅದೇ ಮಡಕೆಯಲ್ಲಿ ಬರಿಯ ನೀರು ಕಾಯಿಸಿ ಕೊಡುತ್ತಾಳೆ. ಮಾತ್ರೆ ನುಂಗಿ ಕಿಟಕಿಯ ಬಳಿ ಕುಳಿತರೆ ಲೋಕನಾಥರಿಗೆ ಹಿಂದಿನಂತೆಯೇ ಜೊಂಪು ಬರುತ್ತದೆ. ಬಾಗಿಲಲ್ಲಿ ಈಗ ಒಂದೇ ಒಂದು ಪುಟ್ಟ ಬಿಳಿ ಮಾತ್ರೆ. ಸ್ಟೂಲಿನ ಮೇಲೆ ಕುಳಿತ ಅದರ ಕಾಲು ನೆಲಕ್ಕೆ ಎಟುಕುವುದಿಲ್ಲ. ಪಾಪ, ಒಂಟಿ ಎಂದು ಲೋಕನಾಥ ಪಕ್ಕದಲ್ಲೇ ತಾವೂ ಒಂದು ಕುರ್ಚಿ ಹಾಕಿಕೊಳ್ಳುತ್ತಾರೆ.