ಹಸಿರು ಕಂಬ ಬೇಡವೆಂದೆ

ಉಕ್ಕಿನ ಕಂಬಗಳ ಡಿಸೈನಿಗೆ ಯಾವ ಸಾಫ್ಟ್‌ವೇರ್ ತಗೊಳ್ತೀಯ ಅಂತ ಕೇಳುತ್ತಿದ್ದಿರಲ್ಲ, ಸ್ನೇಹಿತರೇ, ಇವತ್ತು ತೀರ್ಮಾನವಾಯಿತು.

ಸತ್ಯನಾರಾಯಣಪೇಟೆಯ ನನ್ನ ಆಫೀಸಿಗೆ ಮಾರಾಟಗಾರನೊಬ್ಬ ತನ್ನ ಸಾಫ್ಟ್‌ವೇರ್ ತೋರಿಸಲು ಬಂದಿದ್ದ. ಇನ್ನೊಂದು ಕಂಪನಿಯದನ್ನು ಪಕ್ಕದ ಕಂಪ್ಯೂಟರಿನಲ್ಲಿ ಟ್ರಯಲ್‌ಗೆ ಹಾಕಿಕೊಂಡಿದ್ದೆ. ತಮ್ಮ ಹೊಸ ರೈಸ್ ಮಿಲ್ ಶೆಡ್ಡಿನ ಡಿಸೈನಿಗೆಂದು ತೆಕ್ಕಲಕೋಟೆಯ ಬಸಣ್ಣನವರೂ ಬಂದು ಕೂತಿದ್ದರು; ಎರಡಕ್ಕೂ ಆ ಶೆಡ್ಡನ್ನೇ ಕೊಟ್ಟೆ. ಎರಡರಲ್ಲೂ ಕಂಬಗಳೆಲ್ಲ ಹಸಿರು, ಅಂದರೆ ಪಾಸು.

"ಈಗ ನಮ್ಮೂರಿನ ಪರೀಕ್ಷೆ" ಎಂದೆ. ನಮ್ಮ ಕಡೆ ಶೆಡ್ ನಿಂತ ಮೊದಲ ಸುಗ್ಗಿಗೇ, ಭತ್ತದ ಟ್ರ್ಯಾಕ್ಟರಿಗೆ ದಾರಿ ಬೇಕೆಂದು ಮಿಲ್ ಮಾಲೀಕರು ಕಂಬಗಳನ್ನು ಹಿಡಿದಿಟ್ಟ ಅಡ್ಡಪಟ್ಟಿಗಳನ್ನೇ ಕೊಯ್ದು ಹಾಕುತ್ತಾರೆ. ಕೆಳಗೆ ಹಮಾಲರು ಮೂಟೆ ಹೊರುತ್ತಿರುತ್ತಾರೆ.

ಎರಡರಲ್ಲೂ ಆ ಪಟ್ಟಿಗಳನ್ನು ಅಳಿಸಿದೆ. ಟ್ರಯಲ್‌ನದು ತಕ್ಷಣ ಕೆಂಪಾಯಿತು, ಅಂದರೆ ಫೇಲು. ಮಾರಾಟಗಾರನದು ಪಟ್ಟಿ ಇದ್ದಾಗಿನ ಲೆಕ್ಕವನ್ನೇ ಹಿಡಿದುಕೊಂಡು ಹಸಿರಾಗಿಯೇ ಕೂತಿತ್ತು.

"ನೋಡ್ರಿ ಮೇಡಂ, ನಮ್ದು ಇನ್ನೂ ಪಾಸ್ ಐತಿ!" ಎಂದ, ಹೆಮ್ಮೆಯಿಂದ.

"ಅದಕ್ಕ ಬ್ಯಾಡ್ರಿ" ಎಂದೆ.

ಎಲ್ಲವನ್ನೂ ನೋಡುತ್ತ ಕೂತಿದ್ದ ಬಸಣ್ಣ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು: "ಮೇಡಂ, ಆ ಹಸಿರು ತೋರ್ಸೋದನ್ನ ತಗೋರಿ. ನಾ ಹೆಂಗೂ ಪಟ್ಟಿ ಕೊಯ್ಸಾಂವ ಅದೀನಿ."

ಕೆಂಪಿನದನ್ನೇ ಕೊಂಡೆ. ಮಿಲ್ ಮಾಲೀಕರಿಗೆ 'ಆಗಲ್ಲ' ಅನ್ನಲು ಇಷ್ಟು ದಿನ ಈ ಆಫೀಸಿನಲ್ಲಿ ನಾನೊಬ್ಬಳೇ ಇದ್ದೆ. ಇವತ್ತಿನಿಂದ ಇಬ್ಬರು.