ಬುದ್ಧನಿಗೆ ಬೆಳ್ಳಿ ಕಣ್ಣು

ಬಾಡಿದ ಸೇವಂತಿಗೆಗೆ ಒಂದು ವಾಸನೆ ಇರುತ್ತದೆ. ಕೊಳೆತದ್ದಲ್ಲ, ಪೂರ್ತಿ ಒಣಗಿದ್ದೂ ಅಲ್ಲ. ಆರಿದ ಕಷಾಯದ ಹಾಗೆ ಮೂಗಿಗೆ ಸ್ವಲ್ಪ ಕಹಿಯಾಗಿ ತಾಗುವ ವಾಸನೆ. ಹೋದ ವಾರ ಬೆಳಗಾವಿಯ ಸದಾಶಿವನಗರದಲ್ಲಿ ನನ್ನ ಚಿಕ್ಕಪ್ಪನ ಮಗಳ ಹೊಸ ಮನೆಗೆ ಅವ್ವನನ್ನು ಕರೆದುಕೊಂಡು ಹೋದಾಗ ಬಾಗಿಲಲ್ಲೇ ಅದು ಬಂತು. ಚಪ್ಪಲಿ ಇಡುವ ಕಪಾಟಿನ ಮೇಲೆ ಒಂದು ಬುದ್ಧನ ತಲೆ. ತಲೆ ಮಾತ್ರ. ಹಿಂದೆ ಹಳದಿ ದೀಪ, ಮುಂದೆ ಬುಳುಬುಳು ಅನ್ನುವ ನೀರು, ಕಿವಿಗೆ ಯಾರೋ ನೇತುಹಾಕಿದ ಸ್ಕೂಟರಿನ ಕೀಲಿ. ಗೃಹಪ್ರವೇಶದ ದಿನ ಉಳಿದಿದ್ದ ಮಾಲೆಯನ್ನು ಇದರ ನೆತ್ತಿಗೆ ಸುತ್ತಿ ಮರೆತಿದ್ದರು.

"ಅಯ್ಯ, ಇದೊಂದು ಹಂಗ ಉಳದೈತಿ ನೋಡು," ಎಂದು ತಂಗಿ ಮಾಲೆ ಕೀಳಲು ಕೈ ಹಾಕಿದಳು.

"ಇರ್ಲಿ ಬಿಡವಾ, ತಗೀಬ್ಯಾಡ. ಬಾಡ್ಲಿ," ಎಂದಳು ಅವ್ವ.

ತಂಗಿ ನನ್ನ ಮುಖ ನೋಡಿದಳು. ನೋಡಬೇಕಾದದ್ದೇ. ಬೆಳಿಗ್ಗೆ ಎದ್ದು ದೇವರ ಮುಂದಿನ ಬಾಡಿದ ಹೂವು ತೆಗೆಯದೆ ನೀರು ಸಹ ಕುಡಿಯದ ಹೆಂಗಸು ನಮ್ಮವ್ವ. ಅವಳ ಬಾಯಿಂದ ಬಂದದ್ದು ಅವಳ ಮಾತಲ್ಲ. ಟಿಳಕವಾಡಿಯಲ್ಲಿ ನಮ್ಮ ಬಾಜೂ ಮನೆಯಲ್ಲಿದ್ದ ಮಾವಶಿಯ ಮಾತು.

ಮರಾಠಿಯಲ್ಲಿ ಮಾವಶಿ ಅಂದರೆ ತಾಯಿಯ ಸೋದರಿ, ಆದರೆ ಅವಳು ನಮಗೆ ಸಂಬಂಧಿಕಳಲ್ಲ. ಒಂದೇ ಗೋಡೆಯ ಎರಡು ಮನೆ. ಈ ಕಡೆ ಲಿಂಗಾಯತರು ನಾವು, ಆ ಕಡೆ ಬೌದ್ಧರು ಅವರು. ಅವಳ ಗಂಡ, ಓಣಿಯವರೆಲ್ಲ ಕಾಕಾ ಅನ್ನುತ್ತಿದ್ದವರು, ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ನಿವೃತ್ತರಾಗಿದ್ದರು. ಮಕ್ಕಳಿರಲಿಲ್ಲ. ಮಾವಶಿಯ ತವರು ಖಾನಾಪುರ. ಸಿಟ್ಟು ಬಂದರೆ ಮರಾಠಿಯಲ್ಲಿ ಬೈದು, ಆಮೇಲೆ ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದಳು.

ಅವರ ಪಡಸಾಲೆಯ ಗೂಡಿನಲ್ಲಿ ಬಾಬಾಸಾಹೇಬರ ಫೋಟೊ, ಅದರ ಪಕ್ಕ ಒಂದು ಗೇಣು ಎತ್ತರದ ಬುದ್ಧ. ಖಾನಾಪುರದ ಮಣ್ಣಿನವನು. ಹಂಚಿನ ಭಟ್ಟಿಯಲ್ಲಿ ಕೆಲಸಕ್ಕಿದ್ದ ಮಾವಶಿಯ ಅಣ್ಣ ತಾನೇ ತಿದ್ದಿ, ಹಂಚುಗಳ ನಡುವೆ ಇಟ್ಟು ಸುಟ್ಟು ತಂದುಕೊಟ್ಟದ್ದು. ಒಂದು ಕಿವಿ ಇನ್ನೊಂದಕ್ಕಿಂತ ಗಿಡ್ಡ. ಕಣ್ಣುಗಳನ್ನು ತೆಂಗಿನ ಕಡ್ಡಿಯಿಂದ ಗೀರಿದ್ದ. ಬರೀ ಎರಡು ಗೆರೆ. ಮಧ್ಯಾಹ್ನ ಊಟ ಮಾಡಿ ಕೂತಲ್ಲೇ ತೂಕಡಿಸುವವರ ಹಾಗೆ ಕಾಣುತ್ತಿದ್ದ ಎಂದು ನಾನು ಛೇಡಿಸುತ್ತಿದ್ದೆ.

ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ತ್ರಿಶರಣ, ಪಂಚಶೀಲದ ಪಾಲಿ ಸಾಲುಗಳು ಕೇಳುತ್ತಿದ್ದವು. ಗಂಟೆಯಿಲ್ಲ, ಆರತಿಯಿಲ್ಲ, ಕಾಯಿ ಒಡೆಯುವುದಿಲ್ಲ. ಒಂದು ಮೇಣಬತ್ತಿ, ಒಂದು ಊದುಬತ್ತಿ, ಬಟ್ಟಲಲ್ಲಿ ನೀರು, ಹಿತ್ತಾಳೆ ತಟ್ಟೆಯಲ್ಲಿ ಹೂವು. ಆ ಹೂವು ಸಂಜೆಯವರೆಗೂ ಅಲ್ಲೇ ಬಾಡುತ್ತಿತ್ತು. ಅವ್ವನಿಗೆ ಅದನ್ನು ಕಂಡರೆ ಕೈ ತುರಿಕೆ. "ಬಾಡಿದ್ದ ತಗೀರಿ ಅಕ್ಕಾರ, ಛಲೋ ಕಾಣಂಗಿಲ್ಲ," ಅನ್ನುತ್ತಿದ್ದಳು.

"ಬಾಡೂದು ನೋಡಾಕನ ಇಡೂದ್ರಿ ವೈನಿ. ನಾವೂ ಹಿಂಗ ಅಂತ ಗೊತ್ತಾಗಬೇಕಲ್ಲ."

ನನ್ನದು ಒಂದು ಕಡೆ ಕೂಡುವ ಜೀವವಲ್ಲ. ಬ್ಯಾಂಕಿನ ಕುರ್ಚಿಯಲ್ಲೂ ಒಂದು ಕಾಲು ಅಲ್ಲಾಡುತ್ತಲೇ ಇರುತ್ತದೆ. ಒಂದು ಹುಣ್ಣಿಮೆಯ ದಿನ ಮಾವಶಿ ಬಿಳಿ ಸೀರೆ ಉಟ್ಟು, ಖೀರು ಮಾಡಿ, ನನ್ನನ್ನು ಬುದ್ಧನ ಮುಂದೆ ಕೂಡಿಸಿದಳು. ಉಸಿರು ನೋಡು ಅಂದಳು. ನಾನು ಹಲ್ಲಿ ನೋಡಿದೆ, ಕಿಟಕಿ ನೋಡಿದೆ, ಮೇಣಬತ್ತಿ ಯಾವಾಗ ಮುಗಿದೀತು ಎಂದು ನೋಡಿದೆ. ಕಾಲು ಜೋಮು ಹಿಡಿಯಿತು. ಕಡೆಗೆ ತಡೆಯಲಾರದೆ ಕೇಳಿಯೇಬಿಟ್ಟೆ: "ಇಂವ ಏನೂ ಕೊಡೂ ದೇವರಲ್ಲ ಅಂತೀರಿ. ಮತ್ತ ಮೂರ್ತಿ ಯಾಕ ಬೇಕು ಮಾವಶಿ?"

ಅವಳು ಕಣ್ಣು ತೆರೆಯದೆಯೇ ಹೇಳಿದಳು. "ನಮ್ಮಪ್ಪನ ಫೋಟೊ ಗೋಡಿಗಿ ಐತಿ. ಅದು ಅನ್ನಾ ಹಾಕತೈತೇನು? ನೋಡಿದಾಗ ನಾ ಯಾರ ಮಗಳು ಅನ್ನೂದು ನೆನಪಾಕ್ಕೈತಿ. ಅಷ್ಟ."

ಅಷ್ಟೇ ಅಂದರೆ ನನಗೆ ಸಾಲದು. ಅವ್ವನಿಗಂತೂ ಮೊದಲೇ ಸಾಲದು. ಕೊರಳಲ್ಲಿ ಲಿಂಗ ಕಟ್ಟಿಕೊಂಡೂ ದಾರಿಯಲ್ಲಿ ಸಿಕ್ಕ ದೇವರನ್ನೆಲ್ಲ ಮಾತಾಡಿಸಿಕೊಂಡು ಹೋಗುವವಳು ಅವಳು. ಮಾರುತಿಗೆ ಒಂದು, ಎಲ್ಲಮ್ಮಗೆ ಒಂದು, ಯಾರಿಗೂ ಬೇಜಾರು ಮಾಡುವವಳಲ್ಲ.

ಒಂದು ಚಳಿಗಾಲ ಕಾಕಾಗೆ ಲಕ್ವಾ ಹೊಡೆಯಿತು. ಒಂದು ಕೈ, ಒಂದು ಕಾಲು ಬಿದ್ದುಹೋಗಿ ಬಾಯಿ ಸೊಟ್ಟಗಾಯಿತು. ಮಾವಶಿ ದವಾಖಾನೆಯಲ್ಲೇ ಉಳಿದಳು. ಮನೆಯ ಕೀಲಿ ಅವ್ವನ ಕೈಗೆ ಕೊಟ್ಟು, "ಮುಂಜಾನೆ ನೀರು, ಹೂವು ಬದಲ ಮಾಡ್ರಿ ವೈನಿ. ಅಷ್ಟ ಸಾಕು," ಅಂದಿದ್ದಳು. ನಾನು ಪಕ್ಕದಲ್ಲೇ ಇದ್ದೆ.

ಅಷ್ಟಕ್ಕೆ ಸುಮ್ಮನಿರುವವಳು ಅವ್ವನೇ ಅಲ್ಲ! ಕಾಕಾ ತಿರುಗಿ ಮನೆಗೆ ಬಂದ ದಿನ, ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಕಡೆ ಮಾವಶಿಗೆ ಒರಗಿ, ಹೊಸ್ತಿಲು ದಾಟಿ ಗೂಡಿನ ಕಡೆ ನೋಡಿ ಸೊಟ್ಟ ಬಾಯಲ್ಲೇ ನಕ್ಕುಬಿಟ್ಟರು. ಬುದ್ಧನ ಹಣೆಗೆ ಮೂರು ಪಟ್ಟಿ ವಿಭೂತಿ, ನಡುವೆ ಎಣ್ಣೆ ಬೆರೆಸಿದ ಕುಂಕುಮ, ಕೊರಳಿಗೆ ದಪ್ಪ ಮಾಲೆ, ಎಡಬಲಕ್ಕೆ ಒಡೆದ ತೆಂಗಿನಕಾಯಿ.

"ಏ ವೈನಿ, ಇವನ ಲಗ್ನಾ ಮಾಡೀರೇನು!"

ನಾವೆಲ್ಲ ನಕ್ಕೆವು. ಮಾವಶಿಯೂ ನಕ್ಕಳು ಎಂದೇ ನನ್ನ ನೆನಪು... ಆಮೇಲೆ ಒದ್ದೆ ಬಟ್ಟೆ ತಂದು ವಿಭೂತಿ ಒರೆಸಿದಳು. ಕುಂಕುಮ ಹೋಗಲಿಲ್ಲ. ಸುಟ್ಟ ಮಣ್ಣು ಎಣ್ಣೆ ಕುಡಿದಿತ್ತು. ಹುಬ್ಬುಗಳ ನಡುವೆ ಒಂದು ಕಪ್ಪು ಬೊಟ್ಟು ಉಳಿದೇಹೋಯಿತು. ಅಷ್ಟರಲ್ಲಿ ಅವ್ವ ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಪೊಟ್ಟಣ ಮುಂದೆ ಇಟ್ಟಳು. ಒಳಗೆ ಬೆಳ್ಳಿಯ ಎರಡು ಕಣ್ಣು, ಅಂಟಿಸಲು ಒಂದು ಚೂರು ಮೇಣ. ನಮ್ಮ ಕಡೆ ಜೀವ ಉಳಿದರೆ ದೇವರಿಗೆ ಬೆಳ್ಳಿ ಕಣ್ಣು ಏರಿಸುವುದು ಹೊಸದಲ್ಲ. ಅಗಲವಾಗಿ ತೆರೆದ, ನಡುವೆ ಕರಿಯ ಚುಕ್ಕಿಯ ಕಣ್ಣು. ತೂಕಡಿಸುವ ಆ ಮುಖದ ಮೇಲೆ ಅವನ್ನು ನೆನೆಸಿಕೊಂಡು ನನಗೆ ಮತ್ತೆ ನಗು ಬಂತು. ಈ ಸಲ ಬೇರೆ ಯಾರೂ ನಗಲಿಲ್ಲ.

"ಯಾರ ಹೆಸರಲೆ ಬೇಡ್ಕೊಂಡ್ರಿ ವೈನಿ?" ಎಂದಳು ಮಾವಶಿ.

"ನಿಮ್ಮ ಹೆಸರಲೆ. ಕಾಕಾ ನಡಕೋತ ಮನಿಗಿ ಬರ್ಲಿ, ಅಕ್ಕಾ ಕಣ್ಣು ಏರಸ್ತಾಳ ಅಂತ ಹೇಳಿದ್ದೆ. ಬಂದ್ರಲ್ಲ! ಏರಿಸಿಬಿಡ್ರಿ, ಮುಗೀತು."

"ಇಂವ ಕೊಡೂ ದೇವರಲ್ರೀ."

"ಕೊಟ್ಟಾನಲ್ಲ ಮತ್ತ!"

ಮಾವಶಿ ಆ ಒದ್ದೆ ಬಟ್ಟೆಯನ್ನು ಹಿಂಡಿದಳು. "ದೀಕ್ಷಾ ತಗೊಂಡಾಗ ಮಾತು ಕೊಟ್ಟೀನ್ರಿ, ಹರಕಿ ಹೊರೂದಿಲ್ಲ, ಬೇಡೂದಿಲ್ಲ ಅಂತ. ಅದೂ ಹೋಗ್ಲಿ. ಇವತ್ತ ಇಂವ ಕೊಟ್ಟಾನ ಅಂತ ಒಪ್ಪಿಕೊಂಡ್ರ, ನಾಳಿ ಏನರ ಆದಾಗ ಇಂವನ ಕಸ್ಕೊಂಡ ಅಂತ ಅನ್ನಬೇಕಾಕ್ಕೈತಿ. ಅವಾಗ ನಾ ಯಾರ ಮುಂದ ಕುಂದರ್ಲಿ ವೈನಿ?"

ಅವ್ವನಿಗೆ ಇದು ಅರ್ಥವಾಗಲಿಲ್ಲ. ಅವಳಿಗೆ ಕಂಡದ್ದು ಇಷ್ಟು: ಹೊತ್ತ ಹರಕೆ ತೀರಿಸದಿದ್ದರೆ ಕಾಕಾಗೆ ಕೇಡು. ಹರಕೆಯ ವಸ್ತುವನ್ನು ವಾಪಸ್ ಮನೆಗೆ ತರುವಂತಿಲ್ಲ ಎಂದು ಪೊಟ್ಟಣವನ್ನು ಅಲ್ಲೇ ಬಿಟ್ಟು ಎದ್ದು ಬಂದಳು. ಮಾವಶಿ ಅದನ್ನು ಎಲ್ಲಿಟ್ಟಳೋ ತಿಳಿಯಲಿಲ್ಲ. ಆಮೇಲೂ ಗೋಡೆಯ ಮೇಲಿಂದ ಪಲ್ಯದ ಬಟ್ಟಲು ಹೋಗುತ್ತಿತ್ತು, ಬರುತ್ತಿತ್ತು. ಆದರೆ ಅವ್ವ ಆ ಮನೆಗೆ ಹೋದಾಗಲೆಲ್ಲ ಮೊದಲು ಗೂಡಿನ ಕಡೆ ನೋಡುತ್ತಿದ್ದಳು. ಎರಡು ಗೆರೆಗಳು ಹಾಗೇ ಮುಚ್ಚಿಕೊಂಡಿರುತ್ತಿದ್ದವು. ರೊಟ್ಟಿ ಬಡಿಯುತ್ತ ಬಡಿಯುತ್ತ ಥಟ್ಟನೆ ಕೈ ನಿಲ್ಲಿಸಿ, "ಇನ್ನೂ ಏರ್ಸಿಲ್ಲ," ಅನ್ನುತ್ತಿದ್ದಳು ತನಗೆ ತಾನೇ.

ಮಳೆಗಾಲ ಹಿಡಿದ ಹೊಸತರಲ್ಲಿ ಕಾಕಾಗೆ ಮತ್ತೆ ಹೊಡೆಯಿತು. ಈ ಸಲ ದವಾಖಾನೆಯ ತನಕವೂ ಜೀವ ಹಿಡಿಯಲಿಲ್ಲ.

ಮಾತಾಡಿಸಲು ಬಂದ ಹೆಂಗಸರು ಚಾಪೆಯ ಮೇಲೆ ಸುತ್ತ ಕೂತಿದ್ದರು. ಖಾನಾಪುರದಿಂದ ಅಣ್ಣ, ಅಣ್ಣನ ಹೆಂಡತಿ ಬಂದಿದ್ದರು. ಅವ್ವ ಮಾವಶಿಯನ್ನು ತಬ್ಬಿ ಅತ್ತಳು. ಖರೇ ಅತ್ತಳು, ಕಾಕಾ ಅಂದರೆ ಅವಳಿಗೆ ಒಡಹುಟ್ಟಿದವನ ಹಾಗೆ. ಅಳುತ್ತ ಅಳುತ್ತಲೇ ಅಂದುಬಿಟ್ಟಳು, "ಆ ಕಣ್ಣು ಏರಿಸಿದ್ರ ಹಿಂಗ ಆಗ್ತಿರ್ಲಿಲ್ಲ ಅಕ್ಕಾ..."

ಮಾವಶಿ ಅವ್ವನ ತೋಳು ಬಿಡಿಸಿಕೊಳ್ಳಲಿಲ್ಲ, ಬೈಯಲಿಲ್ಲ, ಮರಾಠಿಯಲ್ಲೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಬುದ್ಧನ ಮುಂದಿನ ನೀರು ಬದಲಿಸಿದಳು, ಆರಿದ್ದ ಮೇಣಬತ್ತಿ ಹಚ್ಚಿದಳು, ನಮ್ಮೆಲ್ಲರಿಗೂ ಬೆನ್ನು ಹಾಕಿ ಅಲ್ಲೇ ಕೂತಳು. ಏನಾದರೂ ಕೇಳುತ್ತಿದ್ದಾಳೋ, ಬೈಯುತ್ತಿದ್ದಾಳೋ, ಸುಮ್ಮನೆ ಉಸಿರು ನೋಡುತ್ತಿದ್ದಾಳೋ ಎಂದು ಆ ಬೆನ್ನಿನಿಂದ ತಿಳಿಯಲು ನೋಡಿದೆ. ತಿಳಿಯಲಿಲ್ಲ. ಇವತ್ತಿಗೂ ಬ್ಯಾಂಕಿನಲ್ಲಿ ಸಾಲು ಕರಗಿ ಬಿಡುವಾದಾಗ ಆ ಬೆನ್ನು ಕಣ್ಣ ಮುಂದೆ ಬರುತ್ತದೆ.

ಆ ದಸರೆಗೆ ಮೊದಲೇ ಮನೆ ಖಾಲಿ ಮಾಡಿ ಅವಳು ಖಾನಾಪುರಕ್ಕೆ, ಅಣ್ಣನ ಮನೆಗೆ ಹೋದಳು. ಟೆಂಪೊದಲ್ಲಿ ಹಾಸಿಗೆ, ಪಾತ್ರೆ ಹೋದವು. ಬುದ್ಧ ಮಾತ್ರ ಅವಳ ಮಡಿಲಲ್ಲಿ, ಹಳೆ ಸೀರೆ ಸುತ್ತಿಕೊಂಡು ಹೋದ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಹೋಗಿ ಬರ್ತೀನ್ರಿ ವೈನಿ, ಅಂದಳು ಮಾವಶಿ. ಅವ್ವ ಹೂಂ ಅಂದಳು.

ಖಾನಾಪುರ ಏನು ಕಾಶಿಯೇ? ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದು ಬಿಡಬಹುದು. ಅವ್ವ ಎಷ್ಟು ಸಲ ಹೊರಟಳೋ! ಶೇಂಗಾ ಹೋಳಿಗೆ ಮಾಡಿ ಡಬ್ಬಿಗೆ ತುಂಬುವುದು, ಸೀರೆ ಉಡುವುದು, ಆಮೇಲೆ ಇವತ್ತು ಅಮವಾಸ್ಯೆ, ಇವತ್ತು ಮೊಣಕಾಲು ನೋವು. ಹೋಳಿಗೆಯನ್ನು ನಾವೇ ತಿನ್ನುತ್ತಿದ್ದೆವು. "ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದು ಒಂದು ದಿನ ಕೂಗಿಯೇಬಿಟ್ಟಳು, ನಾನು ಏನನ್ನೂ ಕೇಳಿರಲಿಲ್ಲ. ವರ್ಷಗಳು ಹೀಗೇ ಹೋದವು. ನನಗೂ ಬ್ಯಾಂಕು, ಬದಲಿ, ಓಡಾಟ...

ಹೋದ ವರ್ಷ ಮಾವಶಿ ಹೋದ ಸುದ್ದಿ ತಡವಾಗಿ ಬಂತು. ಅವ್ವ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ನಾನೊಬ್ಬಳೇ ರೈಲು ಹತ್ತಿದೆ. ಅಣ್ಣನ ಮನೆ ಊರಾಚೆ, ಹಳೆ ಭಟ್ಟಿಯ ದಾರಿಯಲ್ಲಿ. ಅಣ್ಣ ಹಾಸಿಗೆ ಹಿಡಿದಿದ್ದರು. ಅವರ ಹೆಂಡತಿ ನೀರು ಕೊಟ್ಟು ಒಳಗೆ ಕರೆದರು. ಗೋಡೆಯ ಹಲಗೆಯ ಮೇಲೆ ಅದೇ ಬುದ್ಧ. ಗಿಡ್ಡ ಕಿವಿ, ಅವ್ವ ಇಟ್ಟ ಕಪ್ಪು ಬೊಟ್ಟು, ಎರಡು ಗೆರೆಯ ಕಣ್ಣು. ಮುಂದೆ ಹಿತ್ತಾಳೆ ತಟ್ಟೆಯಲ್ಲಿ ಬಾಡಿದ ಸೇವಂತಿಗೆ. ಆ ಹೂವುಗಳ ನಡುವೆ ಏನೋ ಕರ್ರಗೆ ಕಂಡಿತು. ಬಗ್ಗಿ ನೋಡಿದೆ.

ಬೆಳ್ಳಿ ಕಣ್ಣುಗಳು. ಕಾವಲಿಯ ತಳದಷ್ಟು ಕಪ್ಪಾಗಿದ್ದವು.

"ತಿಕ್ಕಾಕ ಹೋಗಿದ್ದೆ ಒಮ್ಮಿ," ಎಂದರು ಅಣ್ಣನ ಹೆಂಡತಿ. "ಬ್ಯಾಡ ಅಂದ್ಲು. ಹೂವಿನ ಗತೆ ಅವೂ ಬಾಡ್ಲಿ ಅಂದ್ಲು. ದಿನಾ ಹೂವಿನ ಜೋಡಿ ತಗದು, ದಿನಾ ಹೂವಿನ ಜೋಡಿ ಇಡಾಕಿ."

"ಯಾರು ಕೊಟ್ಟದ್ದು ಅಂತ ಹೇಳಿದ್ರೇನ್ರಿ?"

"ಇಲ್ಲವಾ. ಬೆಳಗಾವಿ ಹೂವು ಅಂತಿದ್ಲು. ಅಷ್ಟ."

ಮತ್ತೆ ಅಷ್ಟ! ತಿರುಗಿ ಬರುವಾಗ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿ ನಿಂತೇ ಬಂದೆ. ಕೂಡಲಾಗಲಿಲ್ಲ. ಮಾವಶಿ ಇನ್ನಿಲ್ಲ ಎಂಬುದು ಸುದ್ದಿ ಕೇಳಿದಾಗ ತಟ್ಟಿರಲಿಲ್ಲ, ಅಲ್ಲಿ ಆ ಬಾಗಿಲಲ್ಲಿ ತಟ್ಟಿತು. ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವಳು ಎದ್ದು ಕೂತು ತಲೆ ಬಾಚಿಕೊಂಡಳು.

ಹೋದ ವಾರ ಸದಾಶಿವನಗರದಿಂದ ಬರುವಾಗ ಆಟೊದಲ್ಲಿ ಅವ್ವ ಮಡಿಲಿನ ಎಲೆ ಅಡಿಕೆಯನ್ನು ಆ ಕೈಯಿಂದ ಈ ಕೈಗೆ ಮಾಡುತ್ತಿದ್ದಳು. ಕ್ಯಾಂಪಿನ ಹತ್ತಿರ ಗಾಡಿಗಳು ನಿಂತಾಗ, ಒಂದು ವರ್ಷದಿಂದ ಕೇಳುತ್ತ ಬಂದದ್ದನ್ನು ಮತ್ತೆ ಕೇಳಿದಳು.

"ಹೂವು ಅಂದ್ಲಾ? ಕಣ್ಣು ಅನ್ನಲಿಲ್ಲಾ?"

"ಹೂವು ಅಂತಿದ್ರಂತ."

"ದಿನಾ ಇಡಾಕಿ?"

"ದಿನಾ."

"ಹಂಗಾರ ತಗೊಂಡಾಳ."

"ತಗೊಂಡಾರ ಅವ್ವಾ."

ಆಟೊ ಹೊರಟಿತು. ಟಿಳಕವಾಡಿಯ ರೈಲ್ವೆ ಗೇಟು ಬಿದ್ದಿತ್ತು; ಖಾನಾಪುರದ ಕಡೆ ಹೋಗುವ ಗಾಡಿ ಸದ್ದು ಮಾಡುತ್ತ ಹೋಗುವ ತನಕ ಕಾಯಬೇಕಾಯಿತು. ಕಡೆಯ ಡಬ್ಬಿ ದಾಟಿದ ಮೇಲೆ ಅವ್ವ ನನ್ನ ತೋಳು ಹಿಡಿದು ಅಲ್ಲಾಡಿಸಿದಳು.

"ತಗೊಂಡಾಳಲ್ಲಾ?"