ಚಿಕ್ಕಜಾಜೂರಿನಲ್ಲಿ ಗೆದ್ದವರು ಯಾರು

ಹಿರಿಯೂರಿನ ಕಣದಲ್ಲಿ ಆ ಪೈಲ್ವಾನನ ಮೊಣಕೈ ಮುರಿದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಒಣಗಿದ ಜಾಲಿ ಕೊಂಬೆಯನ್ನು ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದ ಹಾಗಿತ್ತು ಅದು. ವೇದಾವತಿಯ ದಂಡೆಯ ಮೇಲೆ ಕೆಮ್ಮಣ್ಣು ಹದಮಾಡಿ ಹಾಕಿದ್ದ ಕುಸ್ತಿ ಕಣ. ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟುವ ಕೆಲಸಕ್ಕೆ ಬಂದಿದ್ದ ಕಲ್ಲುಕುಟಿಗರು, ಮಣ್ಣು ಹೊರುವವರು, ಗಾಡಿಯವರು ಸುತ್ತಲೂ ಕಿಕ್ಕಿರಿದು ಕೂತಿದ್ದರು. ಅಷ್ಟೂ ಜನ ಒಮ್ಮೆಲೇ ಉಸಿರು ಒಳಗೆಳೆದುಕೊಂಡರು. ಹಿರಿಯೂರಿನ ಪೈಲ್ವಾನ ಅಂಗಾತ ಬಿದ್ದಿದ್ದ. ಅವನ ಬಲಗೈ ಯಾವ ಕಡೆಗೆ ಮಡಚಬಾರದೋ ಆ ಕಡೆಗೆ ಮಡಚಿಕೊಂಡಿತ್ತು.

ಅದನ್ನು ಮುರಿದವನು ಹೊಳಲ್ಕೆರೆ ಸೀಮೆಯ ಕುರಿ ಕಾಯುವವನು. ಇಪ್ಪತ್ತೈದರ ಆಸುಪಾಸಿನ ವಯಸ್ಸು. ಎದೆಯ ಅಗಲಕ್ಕೆ ತಕ್ಕ ಎತ್ತರವಿಲ್ಲ, ನಡೆಯುವಾಗ ತುಸು ಬಾಗಿಯೇ ನಡೆಯುತ್ತಿದ್ದ. ಆದರೆ ಅವನ ಹಿಡಿತ! ಒಮ್ಮೆ ಬೆರಳು ಊರಿದನೆಂದರೆ ಉಡದ ಪಟ್ಟು. ಎದುರಾಳಿ ಕೂಗಿದ್ದನ್ನು ಕೇಳಿ ಅವನು ಕೈಬಿಟ್ಟ, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಕಾಲು ಮುರಿದ ಮರಿಯನ್ನು ನೋಡುವಂತೆ ಆ ಕೈಯನ್ನು ನೋಡಿದ. ನಾನು ಎದ್ದು ನಿಂತು ಗಂಟಲು ಬಿರಿಯುವಂತೆ ಕಿರುಚಿದ್ದೆ. ಕೂಗಿದ್ದು ನಾನೇ ಎಂದು ತಿಳಿದದ್ದು ಪಕ್ಕದಲ್ಲಿದ್ದ ಭಾವ ನನ್ನ ಅಂಗಿ ಹಿಡಿದು ಕೂರಿಸಿದಾಗ.

ಭಾವ ಎಂದರೆ ನನ್ನ ಅಕ್ಕನ ಗಂಡ, ಹೊಸದುರ್ಗದ ಕಡೆಯವರು. ಚಿತ್ರದುರ್ಗದಲ್ಲಿ ನಾವಿಬ್ಬರೂ ಸೇರಿ ಹತ್ತಿ ವ್ಯಾಪಾರ ನಡೆಸುತ್ತಿದ್ದೆವು. ಹತ್ತಿಯ ವಿಷಯದಲ್ಲಿ ನಮಗೆ ಎಂದೂ ಭಿನ್ನಾಭಿಪ್ರಾಯ ಬಂದದ್ದಿಲ್ಲ. ಕುಸ್ತಿಯ ವಿಷಯದಲ್ಲಿ ಒಂದು ದಿನವೂ ಒಪ್ಪಿದ್ದಿಲ್ಲ. ಎಳೆಯ ವಯಸ್ಸಿನಲ್ಲಿ ನಾನೂ ಕೋಟೆಯ ಬುಡದ ಗರಡಿಗೆ ಹೋಗುತ್ತಿದ್ದೆ. ಉಸ್ತಾದರು ಒಂದು ಸಲ ಎತ್ತಿ ಹಾಕಿದ್ದಕ್ಕೆ ಭುಜದ ಎಲುಬು ಮುರಿದು ಓರೆಯಾಗಿ ಕೂಡಿಕೊಂಡಿತು. ಅಂದಿನಿಂದ ನಾನು ನೋಡುವವನಾದೆ. ಎಲ್ಲಿ ಕುಸ್ತಿ ಜೋಡಿ ಬಿದ್ದಿದೆ ಎಂದು ಕಿವಿಗೆ ಬಿದ್ದರೂ ಸರಿ, ಎತ್ತು ಹೂಡಿಸಿ ಹೊರಟುಬಿಡುತ್ತಿದ್ದೆ. ಭಾವ ಬೈಯುತ್ತಲೇ ಗಾಡಿ ಹತ್ತುತ್ತಿದ್ದರು.

ಹಿರಿಯೂರಿನಿಂದ ವಾಪಸು ಬರುವಾಗ ಐಮಂಗಲದಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತೆವು. ಭಾವ ಬಾಯಿ ತೆರೆದರು.

"ಅದೇನು ಕುಸ್ತಿನೇನಲೇ? ಮೈಯಾಗೆ ಕಸುವೈತೆ ಅಂತ ಹಿಡ್ಕಂಡು ಮುರಿಯೋದು. ಒಂದು ಪಟ್ಟು ನೆಟ್ಟಗೆ ಹಾಕಿದ್ನಾ?"

"ಹಾಕಿದ್ದು ಒಂದೇ ಪಟ್ಟು ಭಾವ. ಬಿಡಿಸ್ಕಳಾಕೆ ಆಯ್ತಾ ಅವನ ಕೈಲಿ?"

"ನಮ್ಮ ಹೊಸದುರ್ಗದವನ ಮುಂದೆ ಬರ್ಲಿ. ಚಿತ್ತು ಮಾಡಿ ಎದೆ ಮೇಲೆ ಕುಂದರ್ತಾನೆ."

ಹೊಸದುರ್ಗದ ಆ ಪೈಲ್ವಾನ ಆಗ ನಮ್ಮ ಸೀಮೆಗೇ ದೊಡ್ಡ ಹೆಸರು. ಬೆಣ್ಣೆ, ಬಾದಾಮಿ ತಿಂದ ಮೈ, ಹಾವಿನ ಹಾಗೆ ಜಾರುವ ಚಳಕ. ಭಾವನಿಗೆ ಅವನು ದೇವರ ಸಮಾನ. ಸುಗ್ಗಿ ಮುಗಿದ ಮೇಲೆ ಚಿತ್ರದುರ್ಗದ ವರ್ತಕರೇ ಸೇರಿ ಕೋಟೆಯ ಮುಂದಿನ ಬಯಲಲ್ಲಿ ಇಬ್ಬರನ್ನೂ ಇಳಿಸಿದರು.

ಮೊದಲರ್ಧ ಭಾವ ಹೇಳಿದ ಹಾಗೆಯೇ ಆಯಿತು. ಹೊಸದುರ್ಗದವನು ಕುರಿಯವನನ್ನು ಹಿಂದಿನಿಂದ ಹಿಡಿದು ಕೆಡವಿದ, ಬೆನ್ನಿನ ಮೇಲೆ ಏರಿ ಕೂತು ಮುಖವನ್ನು ಮಣ್ಣಿಗೆ ಉಜ್ಜಿದ. ಮೊಣಕೈಯಿಂದ ಕತ್ತಿನ ಹಿಂಭಾಗಕ್ಕೆ ಬಡಿದ. ಕಿವಿಯನ್ನು ಅಂಗೈಯಿಂದ ಎಷ್ಟು ತಿಕ್ಕಿದನೆಂದರೆ ಅದರ ಬುಡ ಹರಿದು ರಕ್ತ ಕತ್ತಿನಗುಂಟ ಇಳಿಯಿತು. ಕೆಮ್ಮಣ್ಣಿಗೂ ರಕ್ತಕ್ಕೂ ಬಣ್ಣದಲ್ಲಿ ವ್ಯತ್ಯಾಸ ಕಾಣದು. ಹೊಳಪಿನಿಂದಲೇ ಗುರುತು ಹಿಡಿಯಬೇಕು. ಭಾವ ನನ್ನ ತೊಡೆಗೆ ಗುದ್ದುತ್ತ "ನೋಡಲೇ, ನೋಡು" ಎನ್ನುತ್ತಿದ್ದರು. ನಾನು ಹಲ್ಲು ಕಚ್ಚಿ ಕೂತಿದ್ದೆ.

ಕುರಿಯವನು ಮಾತ್ರ ಬೆನ್ನು ನೆಲಕ್ಕೆ ಕೊಡಲಿಲ್ಲ. ಬೋರಲು ಬಿದ್ದುಕೊಂಡೇ ಕಾದ. ಹೊಸದುರ್ಗದವನು ದಣಿದು, ಕೈ ಬದಲಾಯಿಸಲು ಒಂದು ಗಳಿಗೆ ಹಿಡಿತ ಸಡಿಲಿಸಿದ. ಅಷ್ಟೇ ಸಾಕಾಯಿತು. ಕುರಿಯವನ ತೋಳು ಹಿಂದಕ್ಕೆ ಹೋಗಿ ಅವನ ಕತ್ತನ್ನು ಕಂಕುಳಿಗೆ ಸಿಕ್ಕಿಸಿಕೊಂಡಿತು. ದೊಡ್ಡ ಪೈಲ್ವಾನನ ಮುಖ ಕೆಂಪಾಯಿತು, ಆಮೇಲೆ ನೇರಳೆಯಾಯಿತು, ನಾಲಿಗೆ ಹೊರಗೆ ಬಂತು. ಸೋಲೊಪ್ಪಿ ನೆಲ ಬಡಿಯಲು ಅವನಿಗೆ ಮಾನ ಅಡ್ಡ ಬಂತು. ಕಾಲುಗಳು ಎರಡು ಸಲ ಒದ್ದುಕೊಂಡು ಸುಮ್ಮನಾದವು. ಕುರಿಯವನು ಅವನನ್ನು ಅಂಗಾತ ಹೊರಳಿಸಿ ಎದ್ದು ನಿಂತ. ಮುಖಕ್ಕೆ ನೀರು ಹೊಡೆದು, ಅಂಗಾಲು ತಿಕ್ಕಿ, ಹೊಸದುರ್ಗದವನಿಗೆ ಜೀವ ತರಿಸಬೇಕಾಯಿತು.

ಹೊಸದುರ್ಗದ ಜನ ಸುಮ್ಮನಿದ್ದಾರೆಯೇ? ಕಲ್ಲು ಬೀಳತೊಡಗಿದವು. ದುರ್ಗದಲ್ಲಿ ಕಲ್ಲಿಗೇನು ಬರ. ಹೊಸದುರ್ಗದವರೇ ಎಸೆದ ಕಲ್ಲೊಂದು ಭಾವನ ಹಣೆ ಸೀಳಿತು. ಮನೆಗೆ ಕರೆತಂದಾಗ ಅಕ್ಕ ಅರಿಸಿನ ಒತ್ತುತ್ತ, "ನಿಮ್ಮೂರಿನೋರೇ ನಿಮ್ಮ ಹಣೆ ನೋಡಿ ಹೊಡೆದ್ರಾ?" ಎಂದಳು. ಭಾವನ ಮನಸ್ಸು ಇನ್ನೂ ಕಣದಲ್ಲೇ ಇತ್ತು.

"ಅವನಿಗೆ ಸಿಕ್ಕದಂಗೆ ಇರೋನು ಬೇಕಲೇ," ಎಂದರು ಆಮೇಲೆ. "ಹಿಡಿಯಾಕೆ ಬಿಡಬಾರದು. ದೂರದಿಂದಲೇ ಕೆಡವೋನು ಬೇಕು."

ಅಂಥವನನ್ನು ಅವರು ಹುಡುಕಿಯೇ ಬಿಟ್ಟರು. ನಮ್ಮ ಹತ್ತಿ ಅಂಡಿಗೆಗಳನ್ನು ರೈಲಿಗೆ ಹಾಕುತ್ತಿದ್ದದ್ದು ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ. ಅಲ್ಲಿಂದ ಬಂದವರೇ ಅಂಗಡಿಯ ಜಗಲಿಯ ಮೇಲೆ ಕೂತು, ಅಂಗಿ ಕಳಚುವ ಮೊದಲೇ ಹೇಳತೊಡಗಿದರು. ಇಂಜಿನ್ನಿನಲ್ಲಿ ಕಲ್ಲಿದ್ದಲು ಹಾಕುವ ಒಬ್ಬ ಫೈರ್‌ಮನ್, ಬೆಂಗಳೂರು ದಂಡಿನ ಕಡೆಯ, ಬಿಳಿಯರ ರಕ್ತ ಬೆರೆತ ಯುರೇಷಿಯನ್. ಸೋಲ್ಜರರ ಜೊತೆ ಬೆಳೆದು ಬಾಕ್ಸಿಂಗ್ ಕಲಿತವನು. ಯಾವುದೋ ಮಾತಿಗೆ ಜಗಳ ಬಂದು ಮೂವರು ಗಾಡಿಯವರು ಮೇಲೆ ಬಿದ್ದರೆ, ಒಬ್ಬೊಬ್ಬರ ದವಡೆಗೆ ಒಂದೊಂದು ಗುದ್ದು ಕೊಟ್ಟು ಮೂವರನ್ನೂ ಮಲಗಿಸಿದನಂತೆ.

"ಕೈ ಹೋಗಿದ್ದು ಕಾಣಲಿಲ್ಲ ಕಣಲೇ. ಬಿದ್ದಿದ್ದು ಅಷ್ಟೇ ಕಂಡಿದ್ದು."

"ಗುದ್ದಿಗೆಲ್ಲ ನಮ್ಮವನು ಜಗ್ಗಲ್ಲ ಭಾವ. ಒಂದು ಸಲ ಹಿಡಿದ್ರೆ ಮುಗೀತು."

"ಹಿಡಿದ್ರೆ ತಾನೆ?"

ಈ ಒಂದು ಮಾತಿನ ಮೇಲೆ ಒಂದು ತಿಂಗಳು ಹಗಲೆಲ್ಲ ವಾದ ಮಾಡಿದೆವು. ಕೊನೆಗೆ ನೋಡಿಯೇ ಬಿಡೋಣ ಎಂದು ನಾನು ಹೊಳಲ್ಕೆರೆಗೆ, ಅವರು ಚಿಕ್ಕಜಾಜೂರಿಗೆ ಹೋಗಿ ಇಬ್ಬರನ್ನೂ ಒಪ್ಪಿಸಿ ಬಂದೆವು. ಕುರಿಯವನು ಕೇಳಿದ್ದು ಒಂದೇ: "ಅವ್ನು ಹೊಡೀಬೋದು, ನಾನು ಹಿಡೀಬೋದು. ಹೌದಲ್ರಿ?" ಹೌದೆಂದೆ.

ಸ್ಟೇಷನ್ನಿನವರು ಗೂಡ್ಸ್ ಅಂಗಳವನ್ನು ಬಿಟ್ಟುಕೊಟ್ಟರು. ಬಿಸಿಲು ಏರುವ ಹೊತ್ತು. ಒಂದು ಪಕ್ಕ ರೈಲ್ವೆಯವರು, ಉಳಿದ ಮೂರು ಪಕ್ಕ ನಮ್ಮ ಸೀಮೆಯ ಜನ. ಫೈರ್‌ಮನ್ ತೆಳ್ಳಗಿದ್ದ, ತೋಳು ಉದ್ದ, ಮೂಗು ಮುಂಚೆಯೇ ಚಪ್ಪಟೆಯಾಗಿತ್ತು. ಕೈಗೆ ಚರ್ಮದ ದಪ್ಪ ಗವಸು ಹಾಕಿಕೊಂಡು ಬಂದ. ನಮ್ಮವರು ಗಲಾಟೆ ಎಬ್ಬಿಸಿದರು: ಅದರೊಳಗೆ ಕಬ್ಬಿಣ ಇಟ್ಟಿದ್ದಾನೆ! ಭಾವನೇ ಹೋಗಿ ಗವಸಿನ ಒಳಗೆ ಕೈ ಹಾಕಿ ನೋಡಿ, ಬರೀ ಹಳೇ ಕೂದಲು ತುಂಬಿದೆ ಎಂದರೂ ಯಾರೂ ಕೇಳಲಿಲ್ಲ. ಫೈರ್‌ಮನ್ ನಕ್ಕ.

"ಬೇಡಾನಾ? ಸರಿ. ಅವನ ಮುಖಕ್ಕೇ ನಷ್ಟ."

ಗವಸು ಬಿಚ್ಚಿ ಬರಿಗೈಯಲ್ಲಿ ನಿಂತ. ಆ ಗವಸು ಹೊಡೆಸಿಕೊಳ್ಳುವವನ ರಕ್ಷಣೆಗೆ ಇರುವುದೆಂದು ನಮಗೆ ತಿಳಿದದ್ದು ಆಮೇಲೆ.

ಸೋಲು ಯಾವುದೆಂಬ ಮಾತೂ ಬಂತು. ಎರಡೂ ಭುಜ ನೆಲಕ್ಕೆ ತಾಗಿದರೆ ಸೋತ ಹಾಗೆ ಎಂದರು ನಮ್ಮ ಗರಡಿಯ ಉಸ್ತಾದರು. ಬಿದ್ದವನು ಹತ್ತು ಎಣಿಸುವುದರೊಳಗೆ ಏಳದಿದ್ದರೆ ಸೋತ ಹಾಗೆ ಎಂದ ರೈಲ್ವೆಯ ಗಾರ್ಡು. "ಎರಡೂ ಇರ್ಲಿ ಬಿಡ್ರಿ" ಎಂದು ಯಾರೋ ಕೂಗಿದರು. ಹಾಗೇ ಆಗಲಿ ಎಂದು ಎಲ್ಲರೂ ಒಪ್ಪಿದರು.

ಕುರಿಯವನು ಬಾಗಿ, ಕೈ ಚಾಚಿ, ಎಂದಿನಂತೆ ಮುಂದೆ ಹೋದ. ಅವನ ತಲೆ ಹಿಂದಕ್ಕೆ ಹಾರಿತು. ಮತ್ತೆ ಮುಂದೆ ಹೋದ, ಮತ್ತೆ ಹಾರಿತು. ಫೈರ್‌ಮನ್ನನ ಎಡಗೈ ಕೋಳಿ ಕಾಳು ಹೆಕ್ಕುವ ಹಾಗೆ ಹೋಗಿ ಬರುತ್ತಿತ್ತು. ಪ್ರತಿ ಸಲವೂ ಹುಬ್ಬಿನ ಮೇಲೆ, ಅದೇ ಜಾಗಕ್ಕೆ. ಹುಬ್ಬು ಒಡೆದು ಚರ್ಮ ಕಣ್ಣಿನ ಮೇಲೆ ಜೋತುಬಿತ್ತು. ಆಮೇಲೆ ಬಲಗೈ ಬಂತು. ಅದು ಪಕ್ಕೆಗೆ ಬಿದ್ದಾಗ ಒದ್ದೆ ಗೋಣಿಯನ್ನು ದೊಣ್ಣೆಯಿಂದ ಬಡಿದ ಸದ್ದು. ಬಾಯಿಗೆ ಬಿದ್ದಾಗ ಒಂದು ಹಲ್ಲು ಕೆಳಗೆ ಬಿತ್ತು. ಕುರಿಯವನು ಉಗುಳಿ, ಮತ್ತೆ ಕೈ ಚಾಚಿ ಹೋದ. ನಾನು ಅಷ್ಟು ಕುಸ್ತಿ ನೋಡಿದ್ದೆ, ಎಲುಬು ಮುರಿದದ್ದು ನೋಡಿದ್ದೆ. ಆದರೆ ಒಂದು ಮುಖ ಕಣ್ಣೆದುರೇ ಗುರುತು ಸಿಗದಂತೆ ಆಗುವುದನ್ನು ನೋಡಿರಲಿಲ್ಲ. ಕಣ್ಣು ತೆಗೆಯಲು ಆಗಲಿಲ್ಲ.

"ಸಾಕು ಅನ್ನು ಕಣಲೇ," ಭಾವ ನನ್ನ ಕಿವಿಯಲ್ಲಿ ಹೇಳಿದರು. "ಸತ್ತುಹೋಗ್ತಾನೆ."

"ಇನ್ನೊಂದು ಚೂರು ತಡೀರಿ ಭಾವ. ಅವನ ಕೈ ಬಿದ್ದು ಹೋಗೈತೆ ನೋಡ್ರಿ."

ನಿಜವಾಗಿಯೂ ಫೈರ್‌ಮನ್ನನ ಗೆಣ್ಣುಗಳು ಸುಲಿದು ಬಾತಿದ್ದವು. ಒಂದು ಗುದ್ದು ತಲೆಬುರುಡೆಗೆ ತಾಗಿದಾಗ ಅವನೇ ನೋವಿನಿಂದ ಕೈ ಒದರಿದ. ಆ ಕೈ ವಾಪಸು ಹೋಗುವ ಮೊದಲೇ ಕುರಿಯವನು ಮಣಿಕಟ್ಟು ಹಿಡಿದ. ಅಲ್ಲಿಂದ ತೋಳು, ತೋಳಿನಿಂದ ನಡು. ಅಂಗಳದಲ್ಲಿದ್ದ ಅಷ್ಟೂ ಜನ ಎದ್ದರು. ಕಾಣದ ಕಣ್ಣಿನಲ್ಲೇ ಅವನು ಫೈರ್‌ಮನ್ನನನ್ನು ಎದೆಗೆ ಅವುಚಿಕೊಂಡು ಮೇಲಕ್ಕೆತ್ತಿದ, ತಲೆಯ ಮಟ್ಟಕ್ಕೆ ಎತ್ತಿದ, ಒಂದು ಸುತ್ತು ತಿರುಗಿ ನೆಲಕ್ಕೆ ಅಪ್ಪಳಿಸಿದ. ಎರಡೂ ಭುಜ ಒಟ್ಟಿಗೇ ನೆಲ ಮುಟ್ಟಿದವು. ಧೂಳು ನನ್ನ ಬಾಯಿಗೆ ಬಂತು.

"ಚಿತ್ತು!" ಎಂದು ಉಸ್ತಾದರು ಕೈ ಎತ್ತಿದರು. ನಮ್ಮ ಜನ ರುಮಾಲು ಹಾರಿಸಿದರು. ಕುರಿಯವನು ನಮ್ಮ ಕಡೆ ತಿರುಗಿ, ಉಸಿರು ಎಳೆಯುತ್ತ, ಬಲಗೈ ಮೇಲೆತ್ತಿದ.

ಅತ್ತ ಗಾರ್ಡು ತನ್ನ ಪಾಡಿಗೆ ಎಣಿಸುತ್ತಿದ್ದ. ಎಂಟು ಎನ್ನುವಾಗ ಫೈರ್‌ಮನ್ ಎದ್ದ. ಅವನ ಕಣ್ಣು ಎಲ್ಲೋ ಇತ್ತು. ಅವನ ಲೆಕ್ಕದಲ್ಲಿ ಆಟ ಮುಗಿದಿರಲಿಲ್ಲ. ಎರಡು ಹೆಜ್ಜೆ ತೂರಾಡುತ್ತ ಬಂದು, ಕೈ ಎತ್ತಿ ನಿಂತಿದ್ದವನ ಕಿವಿಯ ಕೆಳಗೆ ಗುದ್ದಿದ. ಕುರಿಯವನು ಕೈ ಎತ್ತಿದ ಹಾಗೆಯೇ, ಬುಡ ಕಡಿದ ಮರದಂತೆ, ಮುಖ ಕೆಳಗಾಗಿ ಬಿದ್ದ. ಗಾರ್ಡು ಮತ್ತೆ ಒಂದರಿಂದ ಎಣಿಸಿದ. ಹತ್ತಲ್ಲ, ನೂರು ಎಣಿಸಿದ್ದರೂ ಅವನು ಏಳುತ್ತಿರಲಿಲ್ಲ.

ಆಮೇಲೆ ನಡೆದದ್ದಕ್ಕೆ ಹೊಡೆದಾಟ ಎಂಬ ಮಾತು ಸಣ್ಣದು. ನಮ್ಮವರು ಫೈರ್‌ಮನ್ನನನ್ನು ಕೆಡವಿ ತುಳಿದರು. ರೈಲ್ವೆಯವರು ಸಲಿಕೆ ಹಿಡಿದು ಬಂದರು. ಒಬ್ಬನ ತಲೆ ಒಡೆಯಿತು, ಇನ್ನೊಬ್ಬನ ಬೆರಳು ಹೋಯಿತು. ಭಾವ ತಾವೇ ಜೋಡಿ ಮಾಡಿ ಕರೆತಂದವನೆಂದು ಫೈರ್‌ಮನ್ನನ ಮೇಲೆ ಅಡ್ಡ ಮಲಗಿ ಬೆನ್ನ ತುಂಬ ಒದೆ ತಿಂದರು. ಪಕ್ಕದಲ್ಲಿ ನಿಂತಿದ್ದ ಇಂಜಿನ್ನಿನ ಡ್ರೈವರು ಆವಿ ಬಿಟ್ಟ. ಬಿಳಿ ಆವಿ ಬುಸ್ಸೆಂದು ಕಾಲಿಗೆ ನುಗ್ಗಿದಾಗ ಜನ ಚೀರುತ್ತ ಚದುರಿದರು. ಸುಟ್ಟ ಚರ್ಮದ ವಾಸನೆ ಅಂಗಳದಲ್ಲೆಲ್ಲ ಹಬ್ಬಿತು. ನಾನು ಅಷ್ಟರಲ್ಲಿ ಕುರಿಯವನನ್ನು ಎಳೆದು ನಮ್ಮ ಹತ್ತಿ ಗಾಡಿಯ ಕೆಳಗೆ ಮಲಗಿಸಿ, ಒಡೆದ ಹುಬ್ಬಿಗೆ ಹತ್ತಿ ಒತ್ತಿ ಹಿಡಿದಿದ್ದೆ. ಹತ್ತಿ ಬದಲಾಯಿಸಿದಷ್ಟೂ ಕೆಂಪಾಗುತ್ತಿತ್ತು. ಇಳಿಹೊತ್ತಿಗೆ ಕಣ್ಣು ಬಿಟ್ಟ.

"ಕಳ್ಳರು ಕುರಿ ಹೊಡ್ಕಂಡು ಹೋದ್ರೇನ್ರಿ?" ಎಂದ. ಇನ್ನೇನೂ ಕೇಳಲಿಲ್ಲ.

ಫೈರ್‌ಮನ್ ಬದುಕಿದ. ಪಕ್ಕೆಲುಬು ಮುರಿದು ಬಹಳ ದಿನ ಸಲಿಕೆ ಹಿಡಿಯಲಿಲ್ಲವೆಂದು ಸ್ಟೇಷನ್ನಿನವರು ಹೇಳುತ್ತಿದ್ದರು. ಆಮೇಲೆ ಅವನಿಗೆ ಬೇರೆ ಕಡೆ ವರ್ಗವಾಯಿತು. ನಾನೂ ಭಾವನೂ ಒಂದು ವರ್ಷ ಇದೇ ವಾದ ಮಾಡಿದೆವು. ಭುಜ ನೆಲ ಮುಟ್ಟಿದಾಗಲೇ ಮುಗಿಯಿತು, ಗೆದ್ದವನು ಕುರಿಯವನು ಎಂದು ನಾನು. ಎದ್ದು ನಿಂತವನು ಯಾರು, ಮಲಗಿದವನು ಯಾರು ಎಂದು ಅವರು. ಅಕ್ಕ ಊಟ ಬಡಿಸುವಾಗ ಮಾತು ಅತ್ತ ತಿರುಗಿದರೆ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು.

ಮುಂದಿನ ಮಳೆಗಾಲ ಕಳೆದ ಮೇಲೆ ಹೊಳಲ್ಕೆರೆ ದಾಟಿ ಹೋಗುವಾಗ ದಾರಿಯ ಪಕ್ಕದ ಹೊಲದಲ್ಲಿ ಅವನ ಮಂದೆ ಕಂಡಿತು. ಗಾಡಿ ಇಳಿದೆ. ಕಂಬಳಿ ಹೊದ್ದು ನಿಂತಿದ್ದ. ಒಂದು ಕಣ್ಣು ಅರ್ಧ ಮುಚ್ಚಿಕೊಂಡಿತ್ತು. ಎಡಗಿವಿ ಕೇಳಿಸದೆಂದು ಬಲಗಿವಿಯನ್ನು ನನ್ನ ಕಡೆ ತಿರುಗಿಸಿದ. ಕುಸ್ತಿ ಬಿಟ್ಟಿದ್ದ. ಬಗ್ಗಿದರೆ ತಲೆ ಸುತ್ತುತ್ತದಂತೆ.

ನನಗೆ ತಡೆಯಲಾಗಲಿಲ್ಲ. "ಭಾವ ಫೈರ್‌ಮನ್ ಗೆದ್ದ ಅಂತಾರೆ. ನೀನೇ ಹೇಳಪ್ಪ, ಗೆದ್ದೋರು ಯಾರು?" ಎಂದೆ.

ಅವನು ಕೋಲಿನ ಮೇಲೆ ಗದ್ದ ಊರಿದ. "ಹೊಡೆದಿದ್ದೆಲ್ಲ ನೆನಪೈತೆ ಸಾವ್ಕಾರ್ರೇ. ಒಂದೊಂದು ಏಟೂ ನೆನಪೈತೆ. ಆಮೇಲೆ ಗಾಡಿ ಕೆಳಗೆ ಎದ್ದಿದ್ದು ನೆನಪೈತೆ. ನಾನು ಎತ್ತಿ ಹಾಕಿದೆ ಅಂತ ಎಲ್ರೂ ಅಂತಾರೆ. ನನಗೆ ಅದೊಂದು ಗೊತ್ತೇ ಇಲ್ಲ. ಖರೆ ಎತ್ತಿದ್ನೇನ್ರಿ?"

ನಾನು ಮಂದೆಯ ನಡುವೆಯೇ ನಿಂತು ಹೇಳಿದೆ. ಮಣಿಕಟ್ಟು ಹೇಗೆ ಹಿಡಿದ, ತೋಳಿನಿಂದ ನಡುವಿಗೆ ಹೇಗೆ ಹೋದ, ಎಷ್ಟು ಎತ್ತರಕ್ಕೆ ಎತ್ತಿದ, ಯಾವ ಕಡೆಗೆ ತಿರುಗಿದ. ನನ್ನ ಓರೆ ಭುಜಕ್ಕೆ ಆದಷ್ಟು ಕೈ ಎತ್ತಿ ತೋರಿಸಿದೆ. ಅವನ ಒಳ್ಳೆಯ ಕಣ್ಣು ನನ್ನ ಕೈಯನ್ನೇ ಹಿಂಬಾಲಿಸಿತು. ಮುಗಿದ ಮೇಲೆ ಅತ್ತ ಹಟ್ಟಿಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಹೆಂಡತಿಯನ್ನು ಕೂಗಿದ.

"ಬಾರೇ ಇಲ್ಲಿ. ಇವರು ಕಣ್ಣಾರೆ ನೋಡ್ಯಾರೆ."

ಅವಳು ಹಿಟ್ಟಿನ ಕೈಯಲ್ಲೇ ಬಂದು, ನನ್ನನ್ನೂ ಅವನ ಕಣ್ಣನ್ನೂ ನೋಡಿ ನಿಂತಳು. ನಗಲಿಲ್ಲ.

"ಇನ್ನೊಂದು ಸಲ ಹೇಳ್ರಿ," ಎಂದ ಅವನು. "ಮೊದಲಿಂದ ಬ್ಯಾಡ. ಹಿಡಿದಿದ್ದರಿಂದ ಹೇಳ್ರಿ."